ಅಂಗಳಕ್ಕೆ ಬಂದ ಮಂಚ

ಬಾಡಿಗೆದಾರನೊಬ್ಬ ತನ್ನ ಮಂಚ, ಹಾಸಿಗೆ, ಗ್ಯಾಸ್ ಒಲೆ, ಎರಡು ಪ್ಲಾಸ್ಟಿಕ್ ಕುರ್ಚಿ, ಎಲ್ಲವನ್ನೂ ಹೊತ್ತು ತಂದು ಮಾಲಿಕರ ಅಂಗಳದಲ್ಲಿಟ್ಟು, ಆ ಮಂಚದ ಮೇಲೇ ಚಕ್ಕಳಮಕ್ಕಳ ಹಾಕಿ ಕೂತು ಪೇಪರ್ ಓದುವುದನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಾನು ಕಂಡಿದ್ದೇನೆ. ಬಾಡಿಗೆದಾರನ ಹೆಸರು ಸುಜನ್. ಮಾಲಿಕರು ನನ್ನ ಅಪ್ಪ, ಹೆಮ್ಮಾಡಿಯ ಉಮಾನಾಥ ಶೆಟ್ಟರು.

ನಮ್ಮ ಅಂಗಳದ ಆಚೆ ಬದಿಗೆ ಎರಡು ಕೋಣೆಯ ಸಣ್ಣ ಮನೆಯೊಂದಿದೆ. ನಾವು ಅದನ್ನು ಆಚೆಮನೆ ಎನ್ನುತ್ತೇವೆ. ಹೆಣ್ಣಿನ ಕಡೆಯಿಂದ ಇಳಿದು ಬಂದ ಆಸ್ತಿ, ದಾಖಲೆಯಲ್ಲಿರುವುದು ಅಮ್ಮನ ಹೆಸರು. ಬಾಡಿಗೆಗೆ ಕೊಡುವುದು, ಕೊಟ್ಟ ಮೇಲೆ ಹೆದರುವುದು, ಎರಡೂ ಕೆಲಸ ಅಪ್ಪನದು.

ಆ ಹೆದರಿಕೆಯ ಮೂಲ ಹೇಳಬೇಕು, ಇಲ್ಲದಿದ್ದರೆ ನೀವು ಅಪ್ಪನಿಗೆ ತಲೆ ಸರಿಯಿಲ್ಲ ಅಂದುಕೊಳ್ಳುತ್ತೀರಿ. ಎಪ್ಪತ್ತರ ದಶಕದಲ್ಲಿ ಭೂಸುಧಾರಣೆ ಬಂದಾಗ, ಕೊಕ್ಕರ್ಣೆಯ ನಮ್ಮ ಗದ್ದೆಗಳನ್ನು ಗೇಣಿಗೆ ಮಾಡುತ್ತಿದ್ದ ಒಕ್ಕಲಿನವರು ಅವು ತಮಗೆ ಸೇರಬೇಕೆಂದು ಡಿಕ್ಲರೇಶನ್ ಕೊಟ್ಟರು. ಗದ್ದೆ ಅವರದಾಯಿತು. ಉತ್ತವರಿಗೆ ಸಿಕ್ಕಿದ್ದು ನ್ಯಾಯವೇ. ನಾನು ಕುಂದಾಪುರ ಕೋರ್ಟಿನ ವಕೀಲೆ, ಈ ಮಾತನ್ನು ಎಲ್ಲಿ ಬೇಕಾದರೂ ಹೇಳುತ್ತೇನೆ, ಅಪ್ಪನ ಎದುರೊಂದು ಬಿಟ್ಟು. ಆಗಿನ್ನೂ ಮೀಸೆ ಮೂಡುತ್ತಿದ್ದ ಅಪ್ಪನ ತಲೆಯಲ್ಲಿ ಒಂದು ವಿಷಯ ಕೂತುಬಿಟ್ಟಿತು: ಒಕ್ಕಲು ಹೆಚ್ಚು ದಿನ ಕೂತರೆ ಆಸ್ತಿ ಕೈಬಿಟ್ಟಿತು. ಗದ್ದೆಯ ಗೇಣಿ ಬೇರೆ, ಮನೆ ಬಾಡಿಗೆ ಬೇರೆ, ಆ ಕಾನೂನು ಇದಕ್ಕೆ ತಾಗುವುದೇ ಇಲ್ಲ ಎಂದು ಎಷ್ಟು ಬಡಿದುಕೊಂಡರೂ ಪ್ರಯೋಜನವಿಲ್ಲ.

ಹಾಗಾಗಿ ಹನ್ನೊಂದು ತಿಂಗಳ ಕರಾರು. ಅದರಲ್ಲೇನೂ ವಿಶೇಷವಿಲ್ಲ; ವರ್ಷ ದಾಟುವ ಕರಾರಾದರೆ ನೋಂದಣಿ ಮಾಡಿಸಬೇಕೆಂದು ಊರೆಲ್ಲ ಹನ್ನೊಂದೇ ಬರೆಸುತ್ತದೆ. ಮುಗಿದಾಗ ಇನ್ನೊಂದು ಬರೆಸಿದರಾಯಿತು. ನಮ್ಮಲ್ಲಿ ಮಾತ್ರ, ಕರಾರು ಮುಗಿದ ಬೆಳಿಗ್ಗೆ ಬಾಡಿಗೆದಾರರು ಸಾಮಾನೆಲ್ಲ ಅಂಗಳಕ್ಕೆ ತರಬೇಕು. ಅಪ್ಪ ಖಾಲಿ ಮನೆಗೆ ಬೀಗ ಜಡಿಯುತ್ತಾರೆ. ಹೊತ್ತು ಕಂತುವಾಗ ಒಳಗೆ ಹೋಗಿ ದೀಪ ಹೊತ್ತಿಸುತ್ತಾರೆ. ಒಂದು ಹಗಲು ಮನೆ ತಮ್ಮ ಸ್ವಾಧೀನದಲ್ಲಿತ್ತೆಂದು ಮನಸ್ಸಿಗೆ ಸಮಾಧಾನವಾದ ಮೇಲೆ ಹೊಸ ಕರಾರು, ಕೀ ವಾಪಸ್. ಮೊದಲಿದ್ದ ಬ್ಯಾಂಕಿನವರು ಇದನ್ನು ಕೇಳಿ ನಕ್ಕರು. ತಮಾಷೆಯಲ್ಲವೆಂದು ತಿಳಿದ ಮೇಲೆ ಸಿಟ್ಟಾಗಿ ಬೇರೆ ಮನೆ ನೋಡಿಕೊಂಡರು.

ಸುಜನ್ ನಗಲಿಲ್ಲ. ಸಿಟ್ಟೂ ಆಗಲಿಲ್ಲ. ಮೊದಲ ಸಲದ ಆ ದಿನ ಮಂಚ ಹೊರಗೆ ತಂದು, ನಮ್ಮ ಹಲಸಿನ ಮರದ ನೆರಳು ಎಲ್ಲಿ ಬೀಳುತ್ತದೆಂದು ನೋಡಿ, ಸರಿಯಾಗಿ ಅಲ್ಲೇ ಇಟ್ಟ. ಕೋರ್ಟಿಗೆ ರಜೆ, ನಾನು ಜಗಲಿಯಲ್ಲಿದ್ದೆ. ಅಷ್ಟು ತಿಂಗಳು ಅಂಗಳದ ಆಚೆ ಈಚೆ ಇದ್ದರೂ ನಮ್ಮ ಮಾತು "ಕರೆಂಟ್ ಇತ್ತಾ?" "ಇಲ್ಲೆ" ಇಷ್ಟರಲ್ಲೇ ಮುಗಿಯುತ್ತಿತ್ತು; ನಮ್ಮ ಕಡೆ ಇತ್ತ್ ಎಂದರೆ ಇದೆ ಎಂದೇ ಅರ್ಥ.

"ಬನ್ನಿ ವಕೀಲ್ರೆ, ಕೂಕಣಿ," ಎಂದ, ಕುರ್ಚಿ ತೋರಿಸಿ.

"ನಮ್ಮ ಅಂಗಳಕ್ಕೆ ನಮ್ಮನ್ನೇ ಕರೀತ್ರ್ಯಾ?"

"ಅಂಗಳ ನಿಮ್ದ್. ಕುರ್ಚಿ ನಂದ್ ಅಲ್ದಾ."

ನಾನು ಕೂರಲಿಲ್ಲ. ಕೂರಬೇಕೆನಿಸಿತ್ತು, ಅದು ಬೇರೆ ವಿಷಯ.

ಸುಜನ್ ಮರವಂತೆಯವನು, ಮೀನುಗಾರರ ಮನೆಯವನು. ಬೋಟಿನ ಇಂಜಿನ್ ಕಂಪನಿಯೊಂದರಲ್ಲಿ ಸರ್ವಿಸ್ ಇಂಜಿನಿಯರ್. ಕೆಲಸವೆಲ್ಲ ಗಂಗೊಳ್ಳಿ ಬಂದರಿನಲ್ಲಿ. ಅವರ ಮನೆ ಇದ್ದದ್ದು ಹೆದ್ದಾರಿಯ ಕಡಲ ಬದಿಗೆ. ಒಂದು ಮಳೆಗಾಲದಲ್ಲಿ ಕಡಲು ಅಡುಗೆಮನೆಯನ್ನೂ ಹಿಂದಿನ ಕೋಣೆಯನ್ನೂ ಎಳೆದುಕೊಂಡಿತು. ಉಳಿದದ್ದರಲ್ಲಿ ಅಣ್ಣನ ಸಂಸಾರ ಮತ್ತು ಅಮ್ಮ. ಇವನಿಗೆ ಮಲಗಲು ಜಾಗವಿಲ್ಲದೆ ನಮ್ಮ ಆಚೆಮನೆಗೆ ಬಂದಿದ್ದ. ಹೊಳೆ ಬದಿಯ ಜಾಗದಲ್ಲಿ ಹೊಸ ಮನೆ ಕಟ್ಟಿಸುತ್ತಿದ್ದೇನೆ ಎನ್ನುತ್ತಿದ್ದ. ಆ ಮನೆ ಪ್ರತಿ ಬೇಸಿಗೆಯಲ್ಲೂ ಮುಂದಿನ ಬೇಸಿಗೆಗೆ ಮುಗಿಯುವುದಿತ್ತು.

ಮಧ್ಯಾಹ್ನ ಬಡಿಸುವ ಕೆಲಸ ನನ್ನ ಪಾಲಿಗೆ ಬಂತು. ಒಲೆಯೇ ಅಂಗಳದಲ್ಲಿರುವಾಗ ಅವನು ಎಲ್ಲಿ ಬೇಯಿಸುವುದು? ಹಾಗೆಂದು ಅಮ್ಮನೇ ಜಗಲಿಯಲ್ಲಿ ಎಲೆ ಹಾಕಿಸಿದರು. ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು. ಅವನು ಒಂದು ತುತ್ತು ತಿಂದು ನನ್ನ ಮುಖ ನೋಡಿದ.

"ಎಂತ? ಉಪ್ಪ್ ಇಲ್ಯಾ?"

"ಉಪ್ಪ್ ಇತ್ತ್. ಮೀನ್ ನಿನ್ನಿದ್."

"ಪುಕ್ಕಟೆ ಊಟಕ್ಕೆ ಕೂತವ್ರ್ ಕ್ರಾಸ್ ಎಕ್ಸಾಮಿನೇಶನ್ ಮಾಡೂಕಿಲ್ಲೆ."

"ಮೀನ್ ನಿನ್ನಿದ್, ಸಾರ್ ಇವತ್ತಿದ್. ಸಾರ್ ಹಾಕಿ," ಎಂದು ಎಲೆಯ ಮೇಲೆ ಅನ್ನ ಗುಡ್ಡೆ ಮಾಡಿ ನಡುವೆ ಗುಂಡಿ ತೋಡಿದ. ತಲೆ ಎತ್ತದೆ ನಗುತ್ತಿದ್ದ. ನಗುವಾಗ ಕಿವಿ ಸ್ವಲ್ಪ ಹಿಂದಕ್ಕೆ ಹೋಗುತ್ತದೆ. ನಾನದನ್ನು ಆ ದಿನ ಕಂಡೆ. ಕಾಣಬಾರದಿತ್ತು.

ಅಲ್ಲಿಂದ ಮುಂದೆ ಎಲ್ಲರಿಗೂ ಆಗುವುದು ನನಗೂ ಆಯಿತು. ಹೂ ಕೊಯ್ಯುವ ಅಭ್ಯಾಸವೇ ಇಲ್ಲದವಳು ಬೆಳಿಗ್ಗೆ ದಾಸವಾಳದ ಗಿಡದ ಹತ್ತಿರ ನಿಲ್ಲತೊಡಗಿದೆ, ಅವನು ಬೈಕ್ ಹೊರಗೆ ತೆಗೆಯುವ ಹೊತ್ತಿಗೆ. ಅವನು ಬೈಕಿನ ಎಡಗನ್ನಡಿಯನ್ನು ಒರೆಸುತ್ತಿದ್ದ, ತಿರುಗಿಸುತ್ತಿದ್ದ, ಮತ್ತೆ ಒರೆಸುತ್ತಿದ್ದ. ಎಷ್ಟು ಶುಚಿಯ ಮನುಷ್ಯ ಅಂದುಕೊಂಡಿದ್ದೆ. ಒಂದು ದಿನ ಅವನು ಹೆಲ್ಮೆಟ್ ತರಲು ಒಳಗೆ ಹೋದಾಗ ಬೈಕಿನ ಹತ್ತಿರ ಬಗ್ಗಿ ನೋಡಿದೆ. ಆ ಕನ್ನಡಿಯಲ್ಲಿ ರಸ್ತೆ ಕಾಣುವುದೇ ಇಲ್ಲ. ದಾಸವಾಳದ ಗಿಡ ಕಾಣುತ್ತದೆ.

"ಆ ಕನ್ನಡಿಯಂಗೆ ಲಾರಿ ಕಾಂತಿಲ್ಲೆ. ಎಲ್ಲಾದ್ರೂ ಗುದ್ದಿಸ್ಕಂತ್ರಿ," ಎಂದೆ, ಅವನು ಹೊರಗೆ ಬಂದ ಮೇಲೆ.

"ಹೆದ್ದಾರಿಗ್ ಹೋದ್ ಮೇಲೆ ಸಮ ಮಾಡ್ಕಂತೆ," ಎಂದ. ಕಿವಿ ಕೆಂಪಗಾಗಿತ್ತು. ನನ್ನ ಕೈಯಲ್ಲಿದ್ದ ಹೂ ಎಲ್ಲಿ ಬಿತ್ತೋ ಗೊತ್ತಿಲ್ಲ.

ಎರಡನೆಯ ಸಲ ಮಂಚ ಅಂಗಳಕ್ಕೆ ಬಂದಾಗ ನನಗೆ ತಡೆಯಲಾಗಲಿಲ್ಲ. ದಿನವಿಡೀ ಬೇರೆಯವರ ಬಾಡಿಗೆ ಜಗಳಕ್ಕೆ ವಾದ ಮಾಡುವವಳು, ನನ್ನ ಅಂಗಳದಲ್ಲೇ ಒಬ್ಬ ಮನುಷ್ಯನನ್ನು ಹೀಗೆ ಕೂರಿಸಿದರೆ ಹೇಗೆ? ಬಡಿಸುತ್ತಾ ಮೆಲ್ಲಗೆ ಹೇಳಿದೆ. ಕರಾರಿನಲ್ಲಿ ಇಂಥ ಷರತ್ತೇ ಇಲ್ಲ. ನೀವು ಬಾಡಿಗೆ ಸರಿಯಾಗಿ ಕೊಡುತ್ತೀರಿ, ಮನೆ ಚಂದ ಇಟ್ಟುಕೊಂಡಿದ್ದೀರಿ, ನಿಮ್ಮ ಕರ್ತವ್ಯ ಅಲ್ಲಿಗೆ ಮುಗಿಯಿತು. ಮಂಚ ಹೊರಗೆ ತರುವುದಿಲ್ಲ ಎಂದರೆ ಯಾರೂ ಏನೂ ಮಾಡುವ ಹಾಗಿಲ್ಲ.

ಅವನು ಎಲ್ಲ ಕೇಳಿದ. ಆಮೇಲೆ, "ಇವತ್ತ್ ಮೀನ್ ಫ್ರೆಶ್ ಇತ್ತ್," ಎಂದ.

ಮುಂಜಾನೆಯೇ ನಾನು ಗಂಗೊಳ್ಳಿಗೆ ಸ್ಕೂಟರ್ ಓಡಿಸಿಕೊಂಡು ಹೋಗಿ ತಂದ ಮೀನು ಅದು. ಹೇಳಲಿಲ್ಲ.

ಮೂರನೆಯ ಕರಾರು ಮುಗಿಯಲು ಇನ್ನೂ ಸ್ವಲ್ಪ ದಿನವಿದ್ದಾಗ ಕೊಕ್ಕರ್ಣೆಯಿಂದ ಗೋವರ್ಧನ ಮಾವನ ಫೋನು ಬಂತು. ಮಾವನಿಗೆ ಗೊತ್ತಿಲ್ಲದ ವಿಷಯವಿಲ್ಲ, ಗೊತ್ತಿರುವ ವಿಷಯವೂ ಇಲ್ಲ. ಫೋನಿಟ್ಟ ಅಪ್ಪನ ಮುಖ ಬಿಳುಚಿಕೊಂಡಿತ್ತು.

"ಮೂರ್ ಸಲ ಆಯ್ತ್. ಇನ್ ಅವ್ನಿಗೆ ಕೊಡುದ್ ಬ್ಯಾಡ. ಮೂರ್ ಸಲ ಕೂತ್ರೆ ಮನಿ ಅವಂದೇ ಆತ್ತ್ ಅಂಬ್ರ್."

"ಗೋವರ್ಧನ ಮಾವ ಯಾವ್ ಕೋರ್ಟಿನ್ ಜಡ್ಜ್?"

"ನೀ ಬಾಯ್ಮುಚ್ಚ್. ಗದ್ದಿ ಹೋಪತಿಗೂ ಹೀಂಗೇ ಹೇಳಿರ್, ಎಂತ ಆತಿಲ್ಲೆ ಅಂದ್ಕಂಡ್."

ಅಪ್ಪ ಸುಳ್ಳು ಹೇಳುತ್ತಿರಲಿಲ್ಲ, ಹೆದರಿದ್ದರು. ಅದೇ ಸಂಜೆ ಸುಜನನಿಗೆ ಬಾಯಿಮಾತಿನಲ್ಲಿ ಹೇಳಿಯೂ ಬಿಟ್ಟರು, ಈ ಸಲ ಕೀ ವಾಪಸ್ ಸಿಗುವುದಿಲ್ಲ ಎಂದು.

ಮರುದಿನ ಬೆಳಿಗ್ಗೆ ಆಚೆಮನೆಯ ನಲ್ಲಿಯಲ್ಲಿ ನೀರಿಲ್ಲ. ಸುಜನ್ ಕೊಡಪಾನ ಹಿಡಿದು ಬಾವಿಗೆ ಬಂದ. ನೀರು ಸೇದಿದ, ಹೋದ. ನಾನು ಸೀದಾ ಟ್ಯಾಂಕಿನ ಹತ್ತಿರ ಹೋಗಿ ಅಪ್ಪ ತಿರುಗಿಸಿಟ್ಟ ವಾಲ್ವ್ ಬಿಡಿಸಿದೆ.

"ಯಾರ್ ಅದ್ ಬಿಟ್ಟದ್ದ್?" ಅಪ್ಪ ಜಗಲಿಯಿಂದ ಕೂಗಿದರು.

"ನಾನ್. ನೀರು, ಕರೆಂಟ್ ಕಡಿಯೂಕಿಲ್ಲೆ ಅಪ್ಪಯ್ಯ. ಬಾಡಿಗಿ ಕೊಡ್ದಿದ್ರೂ ಕಡಿಯೂಕಿಲ್ಲೆ. ಖಾಲಿ ಮಾಡಿಸ್ಕ್ ಅಂದ್ರೆ ಬರ್ದ್ ನೋಟಿಸ್ ಕೊಡ್ಕ್. ಅವ್ರ್ ಒಪ್ದಿದ್ರೆ ಕೋರ್ಟಿಗೆ ಹೋಯ್ಕ್. ಹೀಂಗ್ ಕಳ್ರ ಹಾಂಗೆ ವಾಲ್ವ್ ತಿರ್ಗ್ಸೂಕಿಲ್ಲೆ."

"ಅವ ನಿಂಗೆ ಫೀಸ್ ಕೊಟ್ಟಿದ್ನಾ?"

"ಇಲ್ಲೆ. ಕೊಟ್ರೆ ತಕಂತೆ."

ಅಪ್ಪ ಎದ್ದು ಒಳಗೆ ಹೋದರು. ಅಮ್ಮ, ಪ್ರಫುಲ್ಲಾ ಶೆಡ್ತಿ, ಬಾಗಿಲ ಬದಿಯಲ್ಲಿ ಕೂತು ಹಲಸಿನ ಬೀಜದ ಸಿಪ್ಪೆ ತೆಗೆಯುತ್ತಿದ್ದರು. "ನೀರ್ ಬಿಟ್ಯಾ?" ಎಂದು ಕೇಳಿದರು. ಬಿಟ್ಟೆ ಎಂದೆ. "ಒಳ್ಳೇದಾಯ್ತ್," ಎಂದು ಇನ್ನೊಂದು ಬೀಜ ಎತ್ತಿಕೊಂಡರು.

ಅದೇ ಬಿಸಿಯಲ್ಲಿ ಅಂಗಳ ದಾಟಿ ಆಚೆಮನೆಯ ಮೆಟ್ಟಿಲ ಹತ್ತಿರ ನಿಂತೆ. ಬಾಗಿಲು ತೆರೆದೇ ಇತ್ತು.

"ಹ್ವಾಯ್! ಒಳ್ಗ್ ಬರ್ಲಾ?"

"ಮನಿ ನಿಮ್ದೇ ಅಲ್ದಾ? ಕೇಂಬುದೆಂತ?"

"ಬಾಡಿಗಿಗೆ ಕೊಟ್ ಮೇಲೆ ಹಾಂಗಿಲ್ಲೆ. ನೀವ್ ಬನ್ನಿ ಅಂದ್ರೆ ಮಾತ್ರ ಬಪ್ಪುದ್."

ಅವನು ಬಾಗಿಲಿಗೆ ಬಂದು ನಿಂತ. ಕೂದಲಿನಲ್ಲಿ ಬಾವಿ ನೀರು ಇನ್ನೂ ಒಣಗಿರಲಿಲ್ಲ. ಸ್ವಲ್ಪ ಹೊತ್ತು ನನ್ನನ್ನೇ ನೋಡಿದ, ಕನ್ನಡಿಯ ಸಹಾಯವಿಲ್ಲದೆ.

"ಹಾಂಗಾರೆ ಬನ್ನಿ," ಎಂದ.

ನಾನು ಮೊದಲ ಬಾರಿಗೆ ಆ ಮನೆಯೊಳಗೆ ಅತಿಥಿಯಾಗಿ ಕೂತೆ. ಹೇಳಬೇಕಾದ್ದನ್ನು ಒಂದೇ ಉಸಿರಿಗೆ ಹೇಳಿದೆ. ಬಾಯಿಮಾತು ನೋಟಿಸ್ ಆಗುವುದಿಲ್ಲ. ಕರಾರು ಮುಗಿದರೂ ಕತ್ತು ಹಿಡಿದು ಹೊರಗೆ ಹಾಕುವ ಹಾಗಿಲ್ಲ. ನೀವು ಇಲ್ಲೇ ಕೂತಿರಿ. ಕೇಸು ಆದರೆ ನಾನೇ ನಿಮ್ಮ ಪರ ವಕಾಲತ್ತು ಹಾಕುತ್ತೇನೆ.

"ಶೆಟ್ರ್ ವಿರುದ್ಧವಾ?"

"ಹೌದ್."

"ಅವ್ರದ್ದೇ ಉಂಡ್ಕಂಡ್?"

"ಉಂಬುದ್ ಅಮ್ಮ ಬೇಯ್ಸಿದ್ದ್."

ಅವನು ನಗಲಿಲ್ಲ. ಕಿಟಕಿಯ ಹೊರಗೆ ನೋಡಿದ. "ನಮ್ಮ ಅಡ್ಗಿಮನಿ ಹೋಪತಿಗೆ ಕಡ್ಲ್ ನೋಟಿಸ್ ಕೊಡ್ಲಿಲ್ಲೆ ವಕೀಲ್ರೆ. ಖಾಲಿ ಮಾಡುದ್ ಅಂದ್ರೆ ಎಂತದ್ ಅಂದ್ಕಂಡ್ ನಂಗ್ ಗೊತ್ತಿತ್ತ್. ಆರೆ ಈ ಸಲ ನಾನಾಯ್ ಹೋತೆ. ಭಾನುವಾರ."

"ಎಂತಕ್ಕೆ? ನಿಮ್ಗೆ ಇಲ್ಲಿಪ್ಪುಕೆ ಹಕ್ಕ್ ಇತ್ತ್ ಅಂದೆ ಅಲ್ದಾ!"

"ಬಿಟ್ ಹೋಪುಕೂ ಹಕ್ಕ್ ಇತ್ತ್ ಅಲ್ದಾ? ಮರವಂತಿ ಮನಿ ಮುಗೀತ್. ಅಮ್ಮ ಆಗ್ಳೇ ಹಾಲುಕ್ಸಿರ್."

ಇತ್ತು. ಬಾಡಿಗೆದಾರ ತಾನಾಗಿ ಬಿಟ್ಟು ಹೋಗುವುದನ್ನು ತಡೆಯುವ ಕಾನೂನು ಯಾವ ಪುಸ್ತಕದಲ್ಲೂ ಇಲ್ಲ. ಇಷ್ಟು ವರ್ಷ ಪ್ರಾಕ್ಟೀಸ್ ಮಾಡಿ ಮೊದಲ ಬಾರಿಗೆ ಅದರ ಕೊರತೆ ನನಗೆ ಕಂಡದ್ದು.

"ಹಾಂಗಾರೆ ಹೋಗಿ," ಎಂದೆ. "ಮನಿ ಮುಗ್ದದ್ದ್ ಹೇಳೂಕೂ ಇಲ್ಲೆ. ನಾನ್ ಇಲ್ಲಿ ಅಪ್ಪಯ್ಯನ್ ಹತ್ರ ಜಗಳ ಮಾಡ್ಕಂಡ್ ಬಂದ್ರೆ..." ಎದ್ದು ಬಂದೆ. ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟು ಚೆನ್ನಾಗಿ ಅತ್ತೆ. ಒಬ್ಬ ಬಾಡಿಗೆದಾರ ಮನೆ ಬಿಡುವುದಕ್ಕೆ ಮಾಲಿಕರ ಮಗಳು ಅಳುವುದುಂಟೇ? ಉಂಟು. ನನಗೆ ಅವನು ಬೇಕಿತ್ತು. ನಮ್ಮ ಆಚೆಮನೆಯಲ್ಲಿ ಅವನ ದೀಪ ಕಾಣಬೇಕಿತ್ತು, ಅವನ ಬೈಕಿನ ಸದ್ದು ಕೇಳಬೇಕಿತ್ತು. ಅವನಿಗೆ ಅದು ಬೇಡವಾದರೆ ನಾನು ಯಾವ ಕೋರ್ಟಿಗೆ ಹೋಗಲಿ?

ಭಾನುವಾರ ಬಂತು. ಅಂಗಳಕ್ಕೆ ಮಂಚ ಬಂತು, ಅದರ ಹಿಂದೆ ಒಂದು ಪಿಕಪ್ ಗಾಡಿಯೂ ಬಂತು. ಈ ಸಲ ಹಲಸಿನ ನೆರಳನ್ನು ಅವನು ನೋಡಲಿಲ್ಲ. ಒಲೆ, ಕುರ್ಚಿ ಗಾಡಿಗೇರಿದವು. ಮಂಚ ಮಾತ್ರ ಕೊನೆಗೆಂದು ಕೆಳಗೇ ಉಳಿದಿತ್ತು. ನಾನು ಜಗಲಿಯಲ್ಲಿ ಕಂಬಕ್ಕೆ ಒರಗಿ, ಯಾರದೋ ಸಾಮಾನು ಎಂಬಂತೆ ನೋಡುತ್ತಿದ್ದೆ.

ಅಪ್ಪ ಆಚೆಮನೆಯನ್ನು ಮೂಲೆ ಮೂಲೆ ನೋಡಿ ಬಂದರು. ಒಂದು ಮೊಳೆಯಿಲ್ಲ, ಗೋಡೆಯಲ್ಲಿ ಗೀಚಿಲ್ಲ. ಬಂದಾಗ ಸೋರುತ್ತಿದ್ದ ನಲ್ಲಿಯನ್ನೂ ಸರಿಮಾಡಿಸಿದ್ದ. ಅದು ಮಾಲಿಕರ ಕೆಲಸ, ನಾವೇ ಮಾಡಿಸಬೇಕಿತ್ತು. ಅಪ್ಪನ ಮುಖದಲ್ಲಿ ಸಮಾಧಾನವೂ ನಾಚಿಕೆಯೂ ಒಟ್ಟಿಗೇ ಇತ್ತು.

ಸುಜನ್ ಕೀ ತಂದು ಅಪ್ಪನ ಅಂಗೈಯಲ್ಲಿಟ್ಟ.

"ಶೆಟ್ರೆ, ಈಗ ನಾನ್ ನಿಮ್ಮ್ ಒಕ್ಕಲ್ ಅಲ್ಲ ಅಲ್ದಾ?"

"ಅಲ್ಲ ಮಾರಾಯ. ಬೇಜಾರ್ ಮಾಡ್ಕಣ್ಬೇಡ. ನೀ ಒಳ್ಳೆ ಜನ. ನಂಗೇ ಒಂದ್ ಹೆದ್ರಿಕಿ."

"ನಿಮ್ಮ್ ಹೆದ್ರಿಕಿ ಗೊತ್ತಿತ್ತ್. ಅದ್ಕೇ ಮನಿ ಬಿಡೂವರಿಗೆ ಬಾಯ್ ಬಿಡ್ಲಿಲ್ಲೆ. ಈಗ ಒಂದ್ ಮಾತ್ ಕೇಂತೆ." ಅವನು ಚಪ್ಪಲಿ ಬಿಟ್ಟು ಜಗಲಿಯ ಮೆಟ್ಟಿಲ ಹತ್ತಿರ ನಿಂತ. ಕೈ ಎಲ್ಲಿಡಬೇಕೆಂದು ತಿಳಿಯದೆ ಹಿಂದಕ್ಕೆ ಕಟ್ಟಿಕೊಂಡ. "ಒಕ್ಕಲ್ ಆಯಿ ಇದ್ಕಂಡ್ ಕೇಂಡ್ರೆ ಮನಿಗ್ ಬೇಕಾಯ್ ಕೇಂಡ ಅಂದ್ಕಂತಿದ್ರಿ. ಈಗ ಕೀ ನಿಮ್ಮ್ ಕೈಯಂಗಿತ್ತ್. ನಂಗೆ ನಿಮ್ಮ್ ಮನಿ ಬ್ಯಾಡ. ಸೌಮ್ಯಶ್ರೀಯನ್ನ ಮದಿ ಆಯ್ಕ್ ಅಂದ್ಕಂಡ್ ಇತ್ತ್. ಅವ್ರಿಗೆ ಮನ್ಸಿದ್ರೆ."

ಎರಡೂವರೆ ವರ್ಷಕ್ಕೂ ಹೆಚ್ಚು ಕಾಲ ವಕೀಲ್ರೆ, ವಕೀಲ್ರೆ ಎಂದವನ ಬಾಯಲ್ಲಿ ನನ್ನ ಹೆಸರು ಬಂದದ್ದು ಆಗಲೇ. ನಾನು ಕಂಬವನ್ನು ಬಿಡಲಿಲ್ಲ.

ಜಾತಿಯ ಮಾತು ಬರಲಿಲ್ಲ ಎಂದರೆ ಸುಳ್ಳಾದೀತು. ಬಂತು. "ನಮ್ಮ್ ಕಡಿಯವ್ರ್ ಎಂತ ಹೇಳ್ತ್ರೋ," ಎಂದು ಅಪ್ಪ ಶುರುಮಾಡಿದರು. ಕೊಕ್ಕರ್ಣೆಯವರು ಮದುವೆಗೆ ಬರುವುದಿಲ್ಲ ಎಂದರು. ಅಮ್ಮ ಬಾಗಿಲಲ್ಲೇ ನಿಂತು, "ಗೋವರ್ಧನಂಗೆ ಒಂದ್ ಎಲಿ ಉಳೀತ್," ಎಂದರು. ಆ ಮಾತು ಅಲ್ಲಿಗೆ ಮುಗಿಯಿತೆಂದಲ್ಲ, ಇವತ್ತಿಗೂ ಮುಗಿದಿಲ್ಲ. ಆದರೆ ಅಪ್ಪನನ್ನು ನಿಜವಾಗಿ ಕಾಡುತ್ತಿದ್ದದ್ದು ಬೇರೆಯೇ. ಅವರು ಕೈಯಲ್ಲಿದ್ದ ಕೀಯನ್ನು ಒಮ್ಮೆ ನೋಡಿದರು, ನನ್ನನ್ನು ಒಮ್ಮೆ ನೋಡಿದರು. ಆಮೇಲೆ ದಾರಿಯಲ್ಲಿ ಸಿಕ್ಕ ಕಕ್ಷಿದಾರರ ಹಾಗೆ ಮೆಲುದನಿಯಲ್ಲಿ ಕೇಳಿದರು.

"ಸೌಮ್ಯಾ, ಸಮ ಹೇಳ್. ಮದಿ ಆದ್ರೆ ಅವ್ನಿಗೆ ಮನಿ ಮೇಲೆ ಹಕ್ಕ್ ಬತ್ತಾ?"

ಎಷ್ಟೋ ಜನರ ಎಷ್ಟೋ ಪ್ರಶ್ನೆಗೆ ಉತ್ತರ ಹೇಳಿದ್ದೇನೆ. ಇಷ್ಟು ಖಂಡಿತವಾಗಿ ಯಾವತ್ತೂ ಹೇಳಿರಲಿಲ್ಲ.

"ಮನಿ ಮೇಲೆ ಇಲ್ಲೆ ಅಪ್ಪಯ್ಯ. ಮನಿ ಅಮ್ಮಂದ್. ನನ್ ಮೇಲೆ ಇತ್ತ್."

ಪಿಕಪ್ಪಿನ ಡ್ರೈವರ್ ಹಾರ್ನ್ ಹೊಡೆಯಲು ಹೋದವನು ಕೈ ಹಿಂದೆ ತೆಗೆದ. ಸುಜನನ ಕಿವಿ ಎರಡೂ ಹಿಂದಕ್ಕೆ ಹೋಗಿದ್ದವು.

ಅಪ್ಪ ಕೀಯನ್ನು ಅಂಗಿಯ ಕಿಸೆಗೆ ಹಾಕಿದರು. ಹೊರಗೆ ತೆಗೆದರು. ಕೊನೆಗೆ ಅಮ್ಮನ ಕೈಗೆ ಕೊಟ್ಟು, "ನೀನೇ ಇಟ್ಕೊ. ನಿಂದೇ ಅಲ್ದಾ," ಎಂದು ಒಳಗೆ ನಡೆದರು. ಹೊಸ್ತಿಲಲ್ಲಿ ನಿಂತು, ತಿರುಗದೆಯೇ, "ಊಟದ್ ಹೊತ್ತಾಯ್ತ್. ಅಂಗಳಂಗ್ ನಿಲ್ಸ್‌ಕಂಬುದ್ ಎಂತಕೆ?" ಎಂದರು.

ನಾನು ಮೆಟ್ಟಿಲಿಳಿದು ಮಂಚದ ಹತ್ತಿರ ಹೋದೆ. ಈ ಸಲ ಕೇಳದೆಯೇ ಅದರ ಮೇಲೆ ಕೂತೆ.

"ಒಂದ್ ಕೇಂಬುದಿತ್ತ್," ಎಂದೆ. "ಮಂಚ ಹೊರ್ಗ್ ತರುದ್ ಬ್ಯಾಡ ಅಂದ್ಕಂಡ್ ಎರಡ್ನೇ ಸಲವೇ ಹೇಳಿದ್ದೆ. ಅದ್ ಗೊತ್ತಿಲ್ದೇ ಎರಡ್ ಸಲ ತಂದ್ರ್ಯಾ?"

"ಮೊದಲ್ನೇ ಸಲವೇ ಗೊತ್ತಿತ್ತ್. ಗಂಗೊಳ್ಳಿಯಂಗ್ ಒಬ್ರ್ ವಕೀಲ್ರ್ ಹತ್ರ ಕೇಂಡಿದ್ದೆ."

"ಮತ್ತೆ?"

ಅವನು ಮಂಚದ ಇನ್ನೊಂದು ತುದಿಯಲ್ಲಿ ಕೂತ. ನಡುವೆ ಸುತ್ತಿಟ್ಟ ಹಾಸಿಗೆಯಿತ್ತು. "ಮಂಚ ಒಳ್ಗಿದ್ರೆ ಒಲಿಯೂ ಒಳ್ಗಿರತ್ತ್. ಹೊರ್ಗ್ ಬಂದ್ ದಿನ ನೀವ್ ಬಡ್ಸ್ತ್ರಿ," ಎಂದ.

ನಾನು ಎದ್ದು ಎಲೆ ಹಾಕಲು ಹೋದೆ. ಆ ದಿನದ ಬಂಗುಡೆ ನಿನ್ನೆಯದು, ಅಳುತ್ತಾ ಕೂತವಳು ಗಂಗೊಳ್ಳಿಗೆ ಹೋಗುವುದೆಲ್ಲಿಂದ ಬಂತು. ಅವನು ಒಂದು ತುತ್ತು ತಿಂದು ನನ್ನ ಮುಖ ನೋಡಿದ. ಅನ್ನವನ್ನು ಗುಡ್ಡೆ ಮಾಡಿ ನಡುವೆ ಗುಂಡಿ ತೋಡಿದ. ನಾನು ಸಾರು ಹಾಕಿದೆ.